ಒಡೆತನವೂ ಒಡಂಬಡಿಕೆಯೂ



ಕೃಷ್ಣಾನದಿಯ ಈಚೆಯ ದಡದ ಜುಗೂಳವೂ ಆಚೆಯ ದಡದ ಖಿದ್ರಾಪುರವೂ ಒಂದೇ ಹೊಳೆಯ ನೀರಿನಿಂದ ಕಬ್ಬನ್ನು ಬೆಳೆದು, ಒಂದೇ ಹಂಗಾಮಿನಲ್ಲಿ ಅದನ್ನು ಕಡಿದು ಕಾರ್ಖಾನೆಗಳಿಗೆ ಸಾಗಿಸುವ ಊರುಗಳು. ಸಂತೆ, ಜಾತ್ರೆ, ನೆಂಟಸ್ತಿಕೆಗಳಲ್ಲಿ ಈ ಎರಡು ದಡಗಳಿಗೆ ಭೇದವೆಣಿಸುವವರು ಯಾರೂ ಇಲ್ಲ. ಆದರೂ 1956ರಲ್ಲಿ ರಾಜ್ಯಗಳ ಪುನರ್ವಿಂಗಡಣೆಯಾಗಿ ಬೆಳಗಾವಿ ಜಿಲ್ಲೆಯ ಬಹುಭಾಗ ಮುಂಬಯಿ ಪ್ರಾಂತವನ್ನು ಬಿಟ್ಟು ಮೈಸೂರು ರಾಜ್ಯವನ್ನು ಸೇರಿದ ಮೇಲೆ, ಎರಡೂ ಕಡೆಯ ದುಡಿಯುವ ಜನರ ಪಾಲಿಗೆ ಕಾನೂನಿನ ಭೇದವೊಂದು ಮೆಲ್ಲಮೆಲ್ಲನೆ ಬೆಳೆದುಬಂದಿತು. ಮಹಾರಾಷ್ಟ್ರ 1971ರಲ್ಲಿ ಮಾಡಿದ ಶಾಸನವೊಂದರಂತೆ, ಒಂದು ಉದ್ಯಮದ ಕಾಮಗಾರರಲ್ಲಿ ಶೇಕಡಾ 30ಕ್ಕೆ ಕಡಮೆಯಿಲ್ಲದಷ್ಟು ಜನರನ್ನು ಆರು ತಿಂಗಳ ಪರ್ಯಂತ ಸದಸ್ಯರನ್ನಾಗಿ ಉಳಿಸಿಕೊಂಡ ಸಂಘವು ನ್ಯಾಯಾಲಯದ ಮೂಲಕ ಮನ್ನಣೆಯನ್ನು ಪಡೆಯಬಹುದಾಗಿತ್ತು. ಹೊಳೆಯ ಈಚೆಗಾದರೋ, ಸಂಘವನ್ನು ಮನ್ನಿಸುವುದು ಬಿಡುವುದು ಬಹುಕಾಲ ಮಾಲಕನ ಚಿತ್ತಕ್ಕೆ ಸೇರಿದ ಸಂಗತಿಯಾಗಿಯೇ ಉಳಿಯಿತು.

ಸಂಘ ಕಟ್ಟುವ ಹಕ್ಕನ್ನು ಸಂವಿಧಾನದ 19ನೆಯ ಅನುಚ್ಛೇದ ಕೊಟ್ಟಿದೆ. ಸಂಘ ಕಟ್ಟಿದವರೊಡನೆ ಮಾತಿಗೆ ಕುಳಿತುಕೊಳ್ಳಬೇಕೆಂಬ ಕಟ್ಟಳೆಯನ್ನು ಅದು ಮಾಲಕನ ಮೇಲೆ ಹೊರಿಸಿಲ್ಲ. ಈ ಹಕ್ಕಿನ ಬೆನ್ನಿಗೆ ಸಾಮೂಹಿಕ ಚೌಕಾಸಿಯ ಹಕ್ಕೂ ತಾನಾಗಿ ಬರುವುದೆಂಬ ವಾದವನ್ನು ಸರ್ವೋಚ್ಚ ನ್ಯಾಯಾಲಯ ಬ್ಯಾಂಕು ನೌಕರರ ಪ್ರಕರಣವೊಂದರಲ್ಲಿ ಆರು ದಶಕಗಳ ಹಿಂದೆಯೇ ತಳ್ಳಿಹಾಕಿತು. ಸಂಘಸ್ವಾತಂತ್ರ್ಯವನ್ನೂ ಸಾಮೂಹಿಕ ಚೌಕಾಸಿಯನ್ನೂ ಕುರಿತ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1948 ಮತ್ತು 1949ರ ಎರಡು ಒಡಂಬಡಿಕೆಗಳಿಗೆ ನಮ್ಮ ದೇಶ ಇಂದಿಗೂ ಅಂಕಿತ ಹಾಕಿಲ್ಲ. ಕಟ್ಟುವ ಸ್ವಾತಂತ್ರ್ಯವಿದ್ದು ಕೇಳಿಸುವ ಸ್ವಾತಂತ್ರ್ಯವಿಲ್ಲದ ಈ ಸ್ಥಿತಿಯಲ್ಲಿ, ಉದ್ಯಮಗಳು ಕಾರ್ಮಿಕ ಸಂಘವನ್ನೂ ಅದರೊಡನೆ ಮಾಡಿಕೊಳ್ಳಬೇಕಾದ ಲಿಖಿತ ಒಪ್ಪಂದವನ್ನೂ ಏಕೆ ಇಷ್ಟು ಬಲವಾಗಿ ಪ್ರತಿರೋಧಿಸುತ್ತವೆ ಎಂಬುದೇ ಇಂದಿನ ಉಪನ್ಯಾಸದ ಜಿಜ್ಞಾಸೆ. ಇದನ್ನು ದೂರದ ಮಹಾನಗರಗಳ ಯಂತ್ರಾಗಾರಗಳಲ್ಲಿ ಅರಸುವುದಕ್ಕಿಂತ ನಮ್ಮ ಸೀಮೆಯ ಬೀಡಿ, ತಂಬಾಕು, ಸಕ್ಕರೆಗಳಲ್ಲಿಯೇ ಅರಸುವುದು ಮೇಲೆಂದು ತಿಳಿದಿದ್ದೇನೆ.

ನಮ್ಮ ಶಾಸ್ತ್ರಕಾರರ ಪದ್ಧತಿಯಂತೆ ಮೊದಲು ಪೂರ್ವಪಕ್ಷವನ್ನು ನಿಷ್ಪಕ್ಷಪಾತವಾಗಿ ಮಂಡಿಸಬೇಕು. ಮಾಲಕರು ಹೇಳುವುದಿದು: ಬೀಡಿಯ ಉದ್ಯಮಕ್ಕೆ ಯಂತ್ರ ಬೇಡ, ಹಿರಿದಾದ ಬಂಡವಾಳ ಬೇಡ, ಎಲೆ, ತಂಬಾಕು, ನೂಲು ಇವುಗಳ ಬೆಲೆ ಪೇಟೆಯಲ್ಲಿ ಎಲ್ಲರಿಗೂ ಒಂದೇ, ಉಳಿದುದು ಕೈಗೆಲಸದ ಕೂಲಿ ಮಾತ್ರ. ಆ ಕೂಲಿಯನ್ನು ನಾನೊಬ್ಬ ಏರಿಸಿ ನೆರೆಯವನು ಏರಿಸದೆ ಹೋದರೆ ಗಿರಾಕಿ ನೆರೆಯವನ ಅಂಗಡಿಗೆ ಹೋಗುತ್ತಾನೆ. ನನ್ನ ಉದ್ಯಮ ಮುಚ್ಚಿದರೆ ಸಂಘವು ಯಾರ ಪರವಾಗಿ ಮಾತನಾಡಿತೋ ಅವರೇ ಬೀದಿಗೆ ಬೀಳುತ್ತಾರೆ. ಸಕ್ಕರೆಯ ಮಾಲಕನ ಅಳಲು ಇದಕ್ಕೆ ತುಸು ಭಿನ್ನವಾದುದು: ಕಬ್ಬಿನ ಬೆಲೆಯನ್ನು ಸರಕಾರ ಗೊತ್ತುಮಾಡುತ್ತದೆ, ಸಕ್ಕರೆಯ ಬೆಲೆಯನ್ನು ಮಾರುಕಟ್ಟೆ ಗೊತ್ತುಮಾಡುತ್ತದೆ, ನನ್ನ ಕೈಯಲ್ಲಿ ಉಳಿದಿರುವುದು ಸಂಬಳದ ಬಾಬು ಒಂದೇ, ಅದನ್ನೂ ಒಪ್ಪಂದದಿಂದ ಕಟ್ಟಿಹಾಕಿದರೆ ನಾನು ಉಸಿರಾಡುವುದೆಲ್ಲಿ? ಈ ವಾದದಲ್ಲಿ ಸತ್ಯಾಂಶವಿಲ್ಲವೆಂದು ಹೇಳುವವನು ಉದ್ಯಮವನ್ನು ಕಣ್ಣಾರೆ ಕಂಡವನಲ್ಲ.

ಆದರೆ ವೆಚ್ಚದ ಭೀತಿಯೊಂದೇ ಕಾರಣವಾಗಿದ್ದ ಪಕ್ಷದಲ್ಲಿ, ಮೂರು ವರ್ಷ ಇಂತಿಷ್ಟೇ ಕೂಲಿಯೆಂದು ಗೊತ್ತುಮಾಡಿ ಅಷ್ಟೂ ಕಾಲದ ಶಾಂತಿಯನ್ನು ದೊರಕಿಸಿಕೊಡುವ ಒಪ್ಪಂದವನ್ನು ಲೆಕ್ಕ ಬಲ್ಲ ಯಾವ ವ್ಯಾಪಾರಿಯೂ ಆದರದಿಂದ ಸ್ವಾಗತಿಸಬೇಕಾಗಿತ್ತು. ವಾಸ್ತವದಲ್ಲಿ ಎಷ್ಟೋ ವೇಳೆ ಕೇಳಿದ ಹೆಚ್ಚಳಕ್ಕಿಂತಲೂ ಬೀಗಮುದ್ರೆಯ ನಷ್ಟ ಹಿರಿದಾದರೂ ಮಾಲಕನು ನಷ್ಟವನ್ನೇ ಆರಿಸಿಕೊಳ್ಳುವುದುಂಟು. ಸಂಘ ಕೇಳಿದ ಮೊತ್ತವನ್ನೇ, ಸಂಘ ಮುರಿದ ಮೇಲೆ, ತನ್ನ ಔದಾರ್ಯವೆಂಬ ಹೆಸರಿನಲ್ಲಿ ಹಂಚುವುದೂ ಉಂಟು. ಕೊಡುವುದಕ್ಕೆ ಸಿದ್ಧನಿರುವವನು ಕೊಡುತ್ತೇನೆಂದು ಬರೆದುಕೊಡುವುದಕ್ಕೆ ಏಕೆ ಅಂಜಬೇಕು? ನನ್ನ ವಿಚಾರದಲ್ಲಿ ಪ್ರತಿರೋಧದ ಬೇರು ಇರುವುದು ಇಲ್ಲಿಯೇ. ಕೊಡುವ ಹಣದ ಪರಿಮಾಣಕ್ಕಿಂತಲೂ ಮಾಲಕನನ್ನು ಕಾಡುವುದು ಬರಹ: ದುಡಿಯುವವನ ಹೆಸರು ತನ್ನ ಪುಸ್ತಕದಲ್ಲಿ ಏರುವುದು, ದುಡಿಮೆಯ ಷರತ್ತು ಇಬ್ಬರೂ ಓದಬಲ್ಲ ಕಾಗದದಲ್ಲಿ ಇಳಿಯುವುದು.

ಈ ಮಾತಿಗೆ ಆಧಾರವಾಗಿ ನಿಪ್ಪಾಣಿಯ ಕಡೆಗೆ ತಿರುಗೋಣ. ಬೀಡಿ ತಂಬಾಕಿಗೆ ದೇಶದಲ್ಲಿ ಹೆಸರಾದ ಸೀಮೆಗಳು ಮುಖ್ಯವಾಗಿ ಎರಡು, ಗುಜರಾತಿನ ಚರೋತರ ಮತ್ತು ನಮ್ಮ ನಿಪ್ಪಾಣಿ. ಹೊಲದಲ್ಲಿ ಒಣಗಿದ ಎಲೆ ವಖಾರಿಗೆ ಬಂದ ಮೇಲೆ ಅದನ್ನು ಬಡಿದು, ಪುಡಿಮಾಡಿ, ಕಡ್ಡಿ ಬೇರೆ ಎಲೆ ಬೇರೆ ಮಾಡಿ, ದಪ್ಪ ಸಣ್ಣ ಕಣ್ಣಿನ ಜರಡಿಗಳಲ್ಲಿ ಸಾಣಿಸಿ, ತರಗತಿಗೊಂದರಂತೆ ಚೀಲ ತುಂಬುವ ಕೆಲಸವೆಲ್ಲ ಹೆಣ್ಣಾಳುಗಳದು. ಸೆರಗನ್ನು ಮೂಗಿಗೆ ಬಿಗಿದು ಕಟ್ಟಿಕೊಂಡರೂ ಧೂಳು ಗಂಟಲಿಗಿಳಿಯುತ್ತದೆ. ಹೊಸದಾಗಿ ಬಂದವಳಿಗೆ ತಲೆ ಸುತ್ತಿ ವಾಂತಿಯಾಗುತ್ತದೆ, ಹಳಬಳಿಗೆ ಕೆಮ್ಮು ನಿಲ್ಲುವುದಿಲ್ಲ. ಬೆಳಗಿನಿಂದ ಇಳಿಹೊತ್ತಿನವರೆಗೆ ಜರಡಿ ಆಡಿಸುವ ಆಕೆಯ ಹೆಸರು ಹಾಜರಿ ಪುಸ್ತಕದಲ್ಲಿ ಇದೆಯೇ ಎಂದು ಕೇಳಿದರೆ, ಇದ್ದರೂ ಇರಬಹುದು, ಇಲ್ಲದೆಯೂ ಇರಬಹುದು. ಇದ್ದರೆ ಎಷ್ಟು ದಿನ ಎಂಬುದು ದಿವಾಣಜಿಯ ಲೇಖಣಿಗೆ ಬಿಟ್ಟ ಮಾತು. ಇಂಥ ಹೆಣ್ಣಾಳುಗಳು 1980ರ ಆಸುಪಾಸಿನಲ್ಲಿ ಪ್ರಾಧ್ಯಾಪಕ ಸುಭಾಷ ಜೋಶಿಯವರ ಮುಂದಾಳ್ತನದ ಚಿಕ್ಕೋಡಿ ತಾಲೂಕಾ ಕಾಮಗಾರ ಮಹಾಸಂಘದ ಆಶ್ರಯದಲ್ಲಿ ಒಂದುಗೂಡಿದರು. ದೀಪಾ ಧನರಾಜ್ ಮೊದಲಾದವರ ‘ಯುಗಾಂತರ’ ಎಂಬ ಮಹಿಳಾ ಚಿತ್ರತಂಡ ಇವರ ನಡುವೆ ತಿಂಗಳುಗಟ್ಟಲೆ ಇದ್ದು 1982ರಲ್ಲಿ ಒಂದು ಸಾಕ್ಷ್ಯಚಿತ್ರವನ್ನು ಸಿದ್ಧಪಡಿಸಿತು. ವಖಾರಿಯ ಒಳಗಿನ ದುಡಿಮೆಯನ್ನೂ ಮುಷ್ಕರಕ್ಕೆ ಅಣಿಯಾದ ಹೆಂಗಸರ ಮಾತುಕತೆಯನ್ನೂ ಅದು ಹೊರಗಿನ ಲೋಕಕ್ಕೆ ತೋರಿಸಿತು.

ಈ ಹೆಂಗಸರಲ್ಲಿ ದಲಿತರಿದ್ದರು, ವಿಧವೆಯರಿದ್ದರು, ದೇವರಿಗೆ ಬಿಟ್ಟವರಿದ್ದರು. ಹೊಲವಿಲ್ಲದ, ಬೇರೆ ಆಸರೆಯಿಲ್ಲದ ಈ ಜನರೊಡನೆ ಬೇರೆ ಬೇರೆಯಾಗಿ ವ್ಯವಹರಿಸುವಾಗ ವಖಾರಿಯ ಮಾಲಕನಿಗೆ ಇದ್ದ ಬಲ, ಅವರು ಒಟ್ಟಾಗಿ ಬಂದು ನಿಂತ ದಿನ ಅರ್ಧಕ್ಕಿಳಿಯಿತು. ಬೇರೆ ಬೇರೆಯಾಗಿ ಬಂದವಳಿಗೆ ಕೊಡುವುದು ದಯೆಯೆನಿಸುತ್ತದೆ, ಒಟ್ಟಾಗಿ ಬಂದವರಿಗೆ ಕೊಡುವುದು ಬಾಕಿಯೆನಿಸುತ್ತದೆ. ಮಗಳ ಮದುವೆಗೆ ಮುಂಗಡ, ಹಬ್ಬಕ್ಕೆ ಸೀರೆ, ಕಾಯಿಲೆಗೆ ಹತ್ತಿಪ್ಪತ್ತು ರೂಪಾಯಿ ಇವುಗಳ ಮೂಲಕ ಮಾಲಕನು ಕಟ್ಟಿಕೊಂಡ ಋಣಾನುಬಂಧ ಸಾಮಾನ್ಯವಾದುದಲ್ಲ. ಆ ಋಣ ಆಳನ್ನು ಬಾಯಿ ತೆರೆಯದಂತೆ ತಡೆಯುವುದರ ಜೊತೆಗೆ ಮಾಲಕನಿಗೆ ತಾನು ಧರ್ಮಾತ್ಮನೆಂಬ ನಿಜವಾದ ನಂಬಿಕೆಯನ್ನೂ ತಂದುಕೊಡುತ್ತದೆ. ಒಪ್ಪಂದವು ಈ ಋಣಾನುಬಂಧವನ್ನು ಅಳಿಸಿಹಾಕುತ್ತದೆ. ಆದುದರಿಂದಲೇ ಸಂಘ ಹುಟ್ಟಿದ ಕೂಡಲೆ ಎಷ್ಟೋ ಮಂದಿ ಮಾಲಕರಿಗೆ ಆಗುವ ನೋವು ಲೆಕ್ಕದ ನೋವಾಗಿರದೆ ಮನೆಯವರೇ ತಿರುಗಿಬಿದ್ದರೆಂಬ ನೋವಾಗಿರುತ್ತದೆ. ಈ ನೋವು ಪ್ರಾಮಾಣಿಕವಾದುದೆಂದು ನಾನು ಒಪ್ಪುತ್ತೇನೆ. ಆದರೆ ಒಬ್ಬನ ಪ್ರಾಮಾಣಿಕವಾದ ನೋವು ಮತ್ತೊಬ್ಬಳ ಕೂಲಿಗೆ ಪ್ರಮಾಣವಾಗಲಾರದು.

ಸಂಘಟನೆಯ ಬಲವನ್ನು ಮಾಲಕವರ್ಗ ಅರಿಯದೆ ಇಲ್ಲ. ಅನೇಕರು ತಮ್ಮ ತಮ್ಮ ಹಣವನ್ನು ಒಂದುಗೂಡಿಸಿ, ಆ ಕೂಟಕ್ಕೆ ಕಾನೂನಿನಿಂದ ಒಬ್ಬ ವ್ಯಕ್ತಿಯ ಸ್ಥಾನವನ್ನು ಪಡೆದು, ನಷ್ಟವಾದರೆ ತಮ್ಮ ಮನೆಮಾರಿಗೆ ತಟ್ಟದಂತೆ ಹೊಣೆಗೆ ಮಿತಿಯನ್ನು ಹಾಕಿಕೊಂಡಾಗಲೇ ಕಂಪನಿ ಎಂಬುದು ಹುಟ್ಟುತ್ತದೆ. ಆಮೇಲೆ ಕಂಪನಿಗಳು ಸೇರಿ ಸಂಘಗಳನ್ನು ಮಾಡಿಕೊಳ್ಳುತ್ತವೆ; ವ್ಯಾಪಾರಿಗಳು ಕೂಡಿ ಬೆಲೆಯ ವಿಚಾರ ಮಾಡುತ್ತಾರೆ. ಕೂಲಿಯನ್ನು ಏರಿಸದಿರಲು ಮಾಲಕರು ಸದಾಕಾಲವೂ ಎಲ್ಲೆಡೆಯೂ ಒಂದು ಮೌನಸಮ್ಮತಿಯಲ್ಲಿರುತ್ತಾರೆಂಬುದನ್ನು ಅರ್ಥಶಾಸ್ತ್ರದ ಪಿತಾಮಹನೆನಿಸಿದ ಆಡಂ ಸ್ಮಿತ್ 1776ರಷ್ಟು ಹಿಂದೆಯೇ ಗುರುತಿಸಿದ್ದನು. ಹಣದ ಕೂಟಕ್ಕೆ ವ್ಯಕ್ತಿತ್ವವನ್ನು ತಕ್ಷಣ ಕೊಡುವ ಸಮಾಜ, ದುಡಿಮೆಯ ಕೂಟಕ್ಕೆ ಅದನ್ನು ಕೊಡಲು ಎಷ್ಟು ಹಿಂದೆಮುಂದೆ ನೋಡಿತೆಂಬುದಕ್ಕೆ ಮದರಾಸಿನ ಬಕಿಂಗ್‌ಹ್ಯಾಮ್ ಮತ್ತು ಕರ್ನಾಟಿಕ್ ಗಿರಣಿಗಳ ವ್ಯಾಜ್ಯವೇ ಸಾಕ್ಷಿ. 1918ರಲ್ಲಿ ಬಿ. ಪಿ. ವಾಡಿಯಾ ಮೊದಲಾದವರು ಮದರಾಸು ಕಾರ್ಮಿಕ ಸಂಘವನ್ನು ಕಟ್ಟಿದರು. ಗಿರಣಿಯ ವ್ಯವಸ್ಥಾಪಕ ಕಂಪನಿ ಅದರ ಮುಖಂಡರ ಮೇಲೆ ಉಚ್ಚ ನ್ಯಾಯಾಲಯದಲ್ಲಿ ದಾವೆ ಹೂಡಿ, ಕಾಮಗಾರರನ್ನು ಕರಾರು ಮುರಿಯಲು ಪ್ರೇರೇಪಿಸಿದರೆಂಬ ಆರೋಪದ ಮೇಲೆ ತಡೆಯಾಜ್ಞೆಯನ್ನು ತಂದಿತು. ಆ ಆಘಾತದಿಂದಲೇ ಎನ್. ಎಂ. ಜೋಶಿಯವರು 1921ರಲ್ಲಿ ಕೇಂದ್ರ ಶಾಸನಸಭೆಯಲ್ಲಿ ಸಂಘಗಳ ರಕ್ಷಣೆಗೆ ನಿರ್ಣಯವನ್ನು ತಂದು, ಐದು ವರ್ಷಗಳ ತರುವಾಯ 1926ರ ಕಾರ್ಮಿಕ ಸಂಘಗಳ ಅಧಿನಿಯಮ ಹುಟ್ಟಿತು. ಸಂಘ ಕಟ್ಟುವುದು ಒಳಸಂಚಲ್ಲವೆಂದು ಹೇಳುವುದಕ್ಕೆ ಒಂದು ಶಾಸನ ಬೇಕಾಯಿತೆಂಬುದನ್ನು ತಾವು ಗಮನಿಸಬೇಕು.

ಬೀಡಿಯ ಉದ್ಯಮದಲ್ಲಿ ಪ್ರತಿರೋಧ ಇನ್ನೂ ಮೂಲಕ್ಕೆ ಇಳಿಯಿತು. ಅಲ್ಲಿ ಮಾಲಕನು ಸಂಘವನ್ನು ವಿರೋಧಿಸುವ ಗೋಜಿಗೇ ಹೋಗಬೇಕಾಗಿರಲಿಲ್ಲ. ನೀನು ನನ್ನ ಆಳೇ ಅಲ್ಲ ಎಂದರೆ ಸಾಕಾಗಿತ್ತು. ಎಲೆ, ತಂಬಾಕುಗಳನ್ನು ಕಂಪನಿ ಗುತ್ತೇದಾರನಿಗೆ ಕೊಡುತ್ತದೆ. ಗುತ್ತೇದಾರನು ಮನೆಮನೆಯ ಹೆಂಗಸರಿಗೆ ಹಂಚುತ್ತಾನೆ. ಆಕೆ ಎಲೆಯನ್ನು ನೆನೆಸಿ, ಅಳತೆಗೆ ಕತ್ತರಿಸಿ, ಮೊರವನ್ನು ತೊಡೆಯ ಮೇಲಿಟ್ಟುಕೊಂಡು ಸುತ್ತಿ, ತುದಿ ಮಡಿಸಿ, ನೂಲು ಬಿಗಿದು, ಸಂಜೆಗೆ ಕಟ್ಟುಕಟ್ಟಾಗಿ ತಂದೊಪ್ಪಿಸುತ್ತಾಳೆ. ಅಲ್ಲಿ ಕುಳಿತವನು ಕಟ್ಟನ್ನು ಬೆರಳಿನಿಂದ ಒತ್ತಿ ನೋಡಿ, ಇದು ಸಡಿಲು, ಇದು ಗಿಡ್ಡ, ಇದರ ಎಲೆ ಹರಿದಿದೆ ಎಂದು ಛಾಟ ತೆಗೆದು ಬದಿಗೆ ಎಸೆಯುತ್ತಾನೆ. ಛಾಟಕ್ಕೆ ಕೂಲಿಯಿಲ್ಲ. ಕೂಲಿಯಿಲ್ಲದ ಆ ಬೀಡಿಯನ್ನು ಆಕೆಯ ಕಣ್ಣೆದುರಿಗೆ ಮುರಿದು ಹಾಕುವ ರೂಢಿ ಎಲ್ಲೆಡೆಯೂ ಇರಲಿಲ್ಲ. ಅದು ಯಾರ ಪೆಟ್ಟಿಗೆಗೆ ಹೋಗಿ ಯಾವ ಬೆಲೆಗೆ ಮಾರಿತೆಂದು ಕೇಳುವ ಅಧಿಕಾರ ಆಕೆಗಿರಲಿಲ್ಲ. ಸಾವಿರ ಬೀಡಿಗೆ ಇಷ್ಟು ಎಂಬ ದರವನ್ನು ಎಷ್ಟೇ ಏರಿಸಿದರೂ, ಸಾವಿರವೆಂದರೆ ಯಾವುದೆಂದು ನಿರ್ಣಯಿಸುವ ಅಧಿಕಾರ ಒಬ್ಬನ ಬೆರಳಿನಲ್ಲಿಯೇ ಉಳಿದಿದ್ದರೆ ಆ ಏರಿಕೆಯನ್ನು ಸಂಜೆಯ ಹೊತ್ತಿಗೆ ಹಿಂತೆಗೆದುಕೊಳ್ಳಬಹುದು. ಕೂಲಿಯ ದರಕ್ಕಿಂತ ಮಾಲಕನಿಗೆ ಈ ಅಧಿಕಾರವೇ ಹೆಚ್ಚು ಪ್ರಿಯವಾದುದೆಂದು ನಾನು ಹೇಳುವುದು ಈ ಕಾರಣದಿಂದ. ಸಾಮೂಹಿಕ ಚೌಕಾಸಿ ಮೊದಲು ಕೈಯಿಕ್ಕುವುದೂ ಇದಕ್ಕೇ.

ಆಕೆ ಯಾರ ಆಳು ಎಂಬ ಪ್ರಶ್ನೆ ಸರ್ವೋಚ್ಚ ನ್ಯಾಯಾಲಯದ ಮುಂದೆ ಮತ್ತೆ ಮತ್ತೆ ಬಂದಿತು. 1958ರ ಚಿಂತಾಮಣರಾವ್ ಪ್ರಕರಣದಲ್ಲಿ, ಬೀಡಿ ಮಾಡಿಸಿ ತಂದೊಪ್ಪಿಸುವ ಗುತ್ತೇದಾರರು ಸ್ವತಂತ್ರರು, ಅವರ ಆಳುಗಳಿಗೆ ಕಾರ್ಖಾನೆಯ ಮಾಲಕನು ಹೊಣೆಗಾರನಲ್ಲ ಎಂಬ ತೀರ್ಪು ಹೊರಟಿತು. ಅದಾದ ಎರಡು ಮೂರು ವರ್ಷಗಳಲ್ಲಿಯೇ ನಾಗಪುರ ಕಡೆಯ ಪ್ರಕರಣವೊಂದರಲ್ಲಿ, ಸರಕಿನ ಲೆಕ್ಕದಲ್ಲಿ ಕೂಲಿ ಪಡೆದರೂ, ಬಂದುಹೋಗುವ ವೇಳೆ ತನ್ನಿಚ್ಛೆಯದಾದರೂ, ಕಾರ್ಖಾನೆಯಲ್ಲಿ ಕುಳಿತು ಬೀಡಿ ಕಟ್ಟುವವನು ಕಾಮಗಾರನೇ ಎಂದಾಯಿತು. 1964ರಲ್ಲಿ ಮದರಾಸಿನ ದಿವಾನ್ ಮೊಹಿದೀನ್ ಸಾಹೇಬರ ಪ್ರಕರಣದಲ್ಲಿ, ನಡುವೆ ನಿಂತ ಗುತ್ತೇದಾರನು ಹೆಸರಿಗೆ ಮಾತ್ರ ಗುತ್ತೇದಾರ, ದುಡಿಯುವವರು ವಸ್ತುತಃ ಮಾಲಕನ ಕಾಮಗಾರರೇ ಎಂದು ನ್ಯಾಯಾಲಯ ಕಂಡುಕೊಂಡಿತು. ಪ್ರಕರಣಕ್ಕೊಂದರಂತೆ ಬದಲಾಗುತ್ತಿದ್ದ ಈ ಅನಿಶ್ಚಯಕ್ಕೆ ಸಂಸತ್ತು 1966ರ ಬೀಡಿ ಮತ್ತು ಸಿಗಾರ್ ಕಾರ್ಮಿಕರ ಅಧಿನಿಯಮದಿಂದ ಉತ್ತರ ಕೊಟ್ಟಿತು: ಗುತ್ತೇದಾರನ ಮೂಲಕ ದುಡಿದರೂ, ತನ್ನ ಮನೆಯ ಜಗಲಿಯಲ್ಲಿ ಕುಳಿತು ದುಡಿದರೂ ಆಕೆ ಬೀಡಿ ಕಾರ್ಮಿಕಳೇ, ಮಾಲಕನಾರೆಂಬುದಕ್ಕೂ ಲಕ್ಷಣವನ್ನು ಹೇಳಲಾಯಿತು, ಛಾಟದ ಪ್ರಮಾಣಕ್ಕೆ ರಾಜ್ಯಗಳ ನಿಯಮಗಳು ಮಿತಿಯನ್ನು ಹಾಕಿದವು. ಮಂಗಳೂರು ಗಣೇಶ ಬೀಡಿ ಸಂಸ್ಥೆ ಮೊದಲಾದ ಮಾಲಕರು ಈ ಅಧಿನಿಯಮದ ಸಿಂಧುತ್ವವನ್ನೇ ಪ್ರಶ್ನಿಸಿದರು. 1974ರಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು.

ಆ ತೀರ್ಪು ಬರುವ ಮುನ್ನವೇ ನಡೆದುಹೋದ ಒಂದು ಘಟನೆ, ಗಡಿಯಲ್ಲಿ ಬದುಕುವ ನಮಗೆ ವಿಶೇಷವಾಗಿ ವಿಚಾರಾರ್ಹವಾದುದು. 1968ರಲ್ಲಿ ಕೇರಳ ಸರಕಾರ ಈ ಅಧಿನಿಯಮವನ್ನು ಜಾರಿಗೆ ತರಲು ಹೊರಟಾಗ, ಕಣ್ಣೂರು ಪ್ರದೇಶದಲ್ಲಿ ಬೀಡಿ ಕಟ್ಟಿಸುತ್ತಿದ್ದ ಮಂಗಳೂರು ಮೂಲದ ದೊಡ್ಡ ಸಂಸ್ಥೆಗಳು ತಮ್ಮ ಶಾಖೆಗಳನ್ನು ಮುಚ್ಚಿ, ಗಡಿಯ ಈಚೆಗೆ, ನಮ್ಮ ರಾಜ್ಯಕ್ಕೆ ಕೆಲಸವನ್ನು ಸಾಗಿಸಿಕೊಂಡವು. ಸುಮಾರು 12,000 ಕಾರ್ಮಿಕರು ಕೆಲಸ ಕಳೆದುಕೊಂಡರು. ಅವರಲ್ಲಿ ಅನೇಕರು 1969ರ ಫೆಬ್ರವರಿಯಲ್ಲಿ ಕೇರಳ ದಿನೇಶ್ ಬೀಡಿ ಎಂಬ ಸಹಕಾರ ಸಂಘವನ್ನು ಆರಂಭಿಸಿ, ಅಧಿನಿಯಮದ ಕೂಲಿ ರಜೆಗಳನ್ನು ಕೊಟ್ಟುಕೊಂಡೂ ಬೀಡಿಯ ವ್ಯಾಪಾರ ನಡೆಸಬಹುದೆಂದು ಬಹುಕಾಲ ತೋರಿಸಿದರು. ಹೀಗೆ ಪೂರ್ವಪಕ್ಷದ ಒಂದು ಭಾಗ ಬಿದ್ದುಹೋಯಿತು. ಇನ್ನೊಂದು ಭಾಗ ಮಾತ್ರ ನಿಂತಿತು, ಅದನ್ನು ಮುಚ್ಚಿಡಬಾರದು: ಒಂದೆಡೆ ಒಪ್ಪಂದವೂ ಶಾಸನವೂ ಇದ್ದು ನೆರೆಯಲ್ಲಿ ಅವು ಇಲ್ಲದೆ ಹೋದರೆ, ಕೈಗೆಲಸದ ಉದ್ಯಮ ನೆರೆಗೆ ಹರಿಯುತ್ತದೆ. ಅಂದು ಹರಿದುಬಂದ ಕೆಲಸದಿಂದ ನಮ್ಮ ರಾಜ್ಯದ ಬಡ ಹೆಂಗಸರಿಗೆ ಕೂಲಿ ದೊರೆತುದು ನಿಜ. ಕಣ್ಣೂರಿನವರಿಗಿಂತ ಅಗ್ಗವಾಗಿ ದುಡಿಯುವರೆಂಬ ಒಂದೇ ಕಾರಣಕ್ಕೆ ದೊರೆತ ಆ ಕೂಲಿಯ ಬಗ್ಗೆ ಸಂತೋಷಪಡುವುದು ನನ್ನಿಂದಾಗದು. ಸಾಗಿಹೋಗುವೆನೆಂಬ ಬೆದರಿಕೆ ಮಾಲಕನ ಕೈಯಲ್ಲಿರುವ ಪ್ರಬಲವಾದ ಅಸ್ತ್ರ; ಗಡಿಯ ಸೀಮೆಯಲ್ಲಿ ಅದನ್ನು ಪ್ರಯೋಗಿಸಲು ಹೆಚ್ಚು ದೂರ ಹೋಗಬೇಕಾಗಿಯೂ ಇಲ್ಲ.

ಮನ್ನಣೆಯ ವಿಚಾರಕ್ಕೆ ಮರಳೋಣ. 1925ರಲ್ಲಿ ನಿಪ್ಪಾಣಿಯಲ್ಲಿ ನಡೆದ ಬಹಿಷ್ಕೃತ ವರ್ಗಗಳ ಪ್ರಾಂತಿಕ ಪರಿಷತ್ತಿಗೆ ಬಂದಿದ್ದ ಡಾಕ್ಟರ್ ಅಂಬೇಡ್ಕರರು ಮುಂದೆ 1942ರಿಂದ 1946ರವರೆಗೆ ವೈಸರಾಯರ ಮಂತ್ರಾಲೋಚನ ಸಭೆಯಲ್ಲಿ ಕಾರ್ಮಿಕ ಖಾತೆಯನ್ನು ವಹಿಸಿದ್ದರು. ನಿಯಮಬದ್ಧವಾದ ಸಂಘವನ್ನು ಮಾಲಕನು ಮನ್ನಿಸಲೇಬೇಕೆಂಬ ವಿಧೇಯಕವನ್ನು 1943ರ ನವೆಂಬರಿನಲ್ಲಿ ಶಾಸನಸಭೆಗೆ ತಂದವರು ಅವರೇ. ಅದು ಆಗ ಶಾಸನವಾಗಲಿಲ್ಲ. ಅದೇ ಆಶಯದ ತಿದ್ದುಪಡಿಯೊಂದು 1947ರಲ್ಲಿ ಅಂಗೀಕೃತವಾದರೂ ಜಾರಿಯ ದಿನಾಂಕವನ್ನು ಕಾಣದೆ ಪುಸ್ತಕದಲ್ಲಿಯೇ ಉಳಿಯಿತು. 1958ರ ಶಿಸ್ತಿನ ಸಂಹಿತೆಯಲ್ಲಿ ಮನ್ನಣೆಯ ಮಾತು ಬಂದಿತಾದರೂ ಅದು ಸ್ವಯಂಪ್ರೇರಿತವಾದುದು, ಒಲ್ಲೆನೆಂದವನಿಗೆ ದಂಡವಿಲ್ಲದುದು. ಸಂಘವಿರುವುದನ್ನು ಸಹಿಸುವ ಮಾಲಕವರ್ಗ ಅದನ್ನು ಮನ್ನಿಸಬೇಕೆಂಬ ಕಟ್ಟಳೆಗೆ ಮಾತ್ರ ಏಕೆ ಇಷ್ಟು ದೀರ್ಘಕಾಲ ಅಡ್ಡನಿಂತಿತೆಂದರೆ, ಮನ್ನಣೆಯ ಹಿಂದೆಯೇ ಒಪ್ಪಂದ ಬರುತ್ತದೆ, ಒಪ್ಪಂದ ಬಂದ ಮೇಲೆ ಹಿಂದಿನ ಸ್ಥಿತಿಗೆ ಮರಳುವ ದಾರಿ ಕಿರಿದಾಗುತ್ತದೆ.

ಒಂದು ಒಪ್ಪಂದವನ್ನು ಬಿಡಿಸಿ ನೋಡಿದರೆ ಇದು ಸ್ಪಷ್ಟವಾಗುತ್ತದೆ. ಮೊದಲ ಪುಟದಲ್ಲಿ ಪಕ್ಷಗಳ ಹೆಸರು. ಕಂಪನಿಯ ಹೆಸರಿನ ಸಮಕ್ಕೆ, ಅದೇ ಅಳತೆಯ ಅಕ್ಷರದಲ್ಲಿ ಸಂಘದ ಹೆಸರು. ಮುಂದೆ ಅವಧಿ, ಕೂಲಿಯ ಶ್ರೇಣಿ, ತುಟ್ಟಿಭತ್ಯದ ಲೆಕ್ಕ, ಬಡ್ತಿಯ ಕ್ರಮ, ವರ್ಗಾವಣೆಗೆ ಮುನ್ನ ಎಷ್ಟು ದಿನದ ಸೂಚನೆ, ತಪ್ಪಿತಸ್ಥನೆಂದು ಹೇಳುವ ಮೊದಲು ಯಾರ ಮುಂದೆ ವಿಚಾರಣೆ ಎಂಬ ಕಲಮುಗಳು. ಹಣಕ್ಕೆ ಸಂಬಂಧಿಸಿದವು ಇವುಗಳಲ್ಲಿ ಅರ್ಧವೂ ಇರಲಾರವು. ಉಳಿದುವೆಲ್ಲ ನಿನ್ನೆಯವರೆಗೆ ವ್ಯವಸ್ಥಾಪಕನ ಒಂದು ಮಾತಿನಿಂದ ತೀರ್ಮಾನವಾಗುತ್ತಿದ್ದವು. ಸಂಧಾನಾಧಿಕಾರಿಯ ಸಮಕ್ಷಮದಲ್ಲಿ ಆದ ಒಪ್ಪಂದವು 1947ರ ಕೈಗಾರಿಕಾ ವಿವಾದಗಳ ಅಧಿನಿಯಮದಂತೆ ಸಂಘದ ಸದಸ್ಯರಿಗೆ ಮಾತ್ರವೇ ಅನ್ವಯಿಸುತ್ತಿರಲಿಲ್ಲ. ಅಂದಿನ ಎಲ್ಲ ಕಾಮಗಾರರನ್ನೂ, ಮುಂದೆ ಕೆಲಸಕ್ಕೆ ಸೇರುವವರನ್ನೂ ಅದು ಒಳಗೊಳ್ಳುತ್ತಿತ್ತು. ಅವಧಿ ಮುಗಿದರೂ, ಕೊನೆಗೊಳಿಸುವೆನೆಂದು ಲಿಖಿತ ಸೂಚನೆ ಕೊಟ್ಟು ಎರಡು ತಿಂಗಳು ಕಳೆಯುವವರೆಗೆ ಬಂಧಕವಾಗಿಯೇ ಇರುತ್ತಿತ್ತು. ಮುಂದಿನ ಮಾತುಕತೆ ಆರಂಭವಾಗುವುದು ಹಿಂದಿನದು ಮುಗಿದಲ್ಲಿಂದ. ಕೊಡಲಾರೆನೆಂದು ಹೇಳುವ ಮಾಲಕನು ಏಕೆ ಕೊಡಲಾರನೆಂದು ಲೆಕ್ಕ ತೋರಿಸಬೇಕಾಗುತ್ತದೆ. ಲಾಭನಷ್ಟದ ಪುಸ್ತಕವನ್ನು ಕೆಲಸದಾಳಿನ ಮುಂದೆ ಬಿಚ್ಚುವುದು ಎಷ್ಟೋ ಮನೆತನದ ಉದ್ಯಮಗಳಿಗೆ ಕೂಲಿಯ ಏರಿಕೆಗಿಂತಲೂ ಅಸಹ್ಯವಾದುದು. ಸಂಘವಿರುವಲ್ಲಿ ಲಾಭದ ಪಾಲು ತುಸು ಇಳಿದರೂ ದುಡಿಮೆಯ ಫಲ ಇಳಿಯಲೇಬೇಕೆಂದಿಲ್ಲ, ನೊಂದವನು ಕೆಲಸ ಬಿಟ್ಟು ಹೋಗುವ ಬದಲು ಬಾಯಿಬಿಟ್ಟು ಹೇಳುವುದರಿಂದ ಅನುಭವಿಗಳಾದ ಕಾಮಗಾರರು ಉದ್ಯಮಕ್ಕೆ ಉಳಿಯುತ್ತಾರೆ ಎಂಬುದನ್ನು ಅಮೆರಿಕೆಯ ಅರ್ಥಶಾಸ್ತ್ರಜ್ಞರು ವಿಸ್ತಾರವಾಗಿ ಪ್ರತಿಪಾದಿಸಿದ್ದಾರೆ. ಉದ್ಯಮಕ್ಕೆ ಹಿತವಾದುದು ಉದ್ಯಮಪತಿಗೆ ಪ್ರಿಯವಾಗಲೇಬೇಕೆಂಬ ನಿಯಮ ಇಲ್ಲವಷ್ಟೆ.

ಸಂಘಗಳ ಪಕ್ಷದ ದೋಷಗಳನ್ನು ಹೇಳದೆ ಬಿಟ್ಟರೆ ಈ ವಿಚಾರ ಅಪ್ರಾಮಾಣಿಕವಾದೀತು. ಹೊರಗಿನವರು ಬಂದು ರಾಜಕೀಯಕ್ಕಾಗಿ ಆಳುಗಳನ್ನು ಎತ್ತಿಕಟ್ಟುತ್ತಾರೆಂಬ ದೂರು ಹಳೆಯದು. ಇದಕ್ಕೆ ಉತ್ತರವನ್ನು ನಿಪ್ಪಾಣಿಯ ವಖಾರಿಯೇ ಕೊಡುತ್ತದೆ: ಒಳಗಿನವಳು ಮುಂದೆ ನಿಂತರೆ ಮರುದಿನ ಆಕೆಗೆ ಕೆಲಸವಿಲ್ಲ, ಕೆಲಸ ಕಳೆದುಕೊಳ್ಳುವ ಭಯವಿಲ್ಲದ ಕಾಲೇಜಿನ ಮೇಷ್ಟ್ರೊಬ್ಬರು ಮುಂದೆ ನಿಲ್ಲಬೇಕಾದುದು ಆ ಭಯದ ಕಾರಣದಿಂದಲೇ. ಒಂದೇ ಕಾರ್ಖಾನೆಯಲ್ಲಿ ಮೂರು ನಾಲ್ಕು ಸಂಘಗಳು ಹುಟ್ಟಿ ಪರಸ್ಪರ ಮೇಲಾಟ ನಡೆಸುವಾಗ ಯಾರೊಡನೆ ಸಹಿ ಹಾಕಬೇಕೆಂದು ತಿಳಿಯದೆ ಮಾಲಕನು ಕಂಗೆಡುವುದು ಮಾತ್ರ ಸಹಜ, ಆ ದೂರಿನಲ್ಲಿ ಹುರುಳಿದೆ. ಆದರೆ ತನಗೊಪ್ಪುವ ಸಂಘವನ್ನು ತಾನೇ ಆರಿಸಿಕೊಳ್ಳುವುದು ಇದಕ್ಕೆ ಪರಿಹಾರವಾಗದು. 1982ರ ಜನವರಿಯಲ್ಲಿ ಆರಂಭವಾದ ಮುಂಬಯಿ ಬಟ್ಟೆ ಗಿರಣಿಗಳ ಮುಷ್ಕರದಲ್ಲಿ, ಕಾನೂನಿನ ಮನ್ನಣೆ ಒಂದು ಸಂಘಕ್ಕೆ, ಕಾಮಗಾರರ ನಿಷ್ಠೆ ಮುಷ್ಕರದ ಮುಂದಾಳು ದತ್ತಾ ಸಾಮಂತರಿಗೆ. ಗಿರಣಿಯ ಮಾಲಕರು ಮನ್ನಣೆಯ ಸಂಘದೊಡನೆ ಮಾತ್ರ ಮಾತನಾಡುವೆವೆಂದು ಕುಳಿತರು. ಸುಮಾರು ಎರಡೂವರೆ ಲಕ್ಷ ಜನರ ಆ ಮುಷ್ಕರ ಒಪ್ಪಂದವಿಲ್ಲದೆಯೇ ಕರಗಿಹೋಯಿತು. ಕೊಂಕಣದಿಂದಲೂ ಸಾತಾರ ಕೊಲ್ಲಾಪುರಗಳ ಕಡೆಯಿಂದಲೂ ಹೋಗಿದ್ದ ಎಷ್ಟೋ ಮಂದಿ ಗಿರಣಿಯ ಕೆಲಸವನ್ನು ಕಳೆದುಕೊಂಡು ಊರಿಗೆ ಮರಳಿದರು. ಕಾಮಗಾರರ ಗುಪ್ತಮತದಿಂದ ಸಿದ್ಧವಾಗದ ಮನ್ನಣೆ ಎಂಥ ಅನರ್ಥಕ್ಕೆ ಎಡೆಗೊಡುತ್ತದೆಂಬುದನ್ನು ಆ ಪ್ರಕರಣದಲ್ಲಿ ಕಾಣಬಹುದು.

ಇಲ್ಲಿ ರೈತನ ಮಾತನ್ನೂ ಸೇರಿಸಬೇಕು. ವಖಾರಿಯ ಹೆಂಗಸರು ಸಂಘಟಿತರಾಗುತ್ತಿದ್ದ ಆ ಕಾಲದಲ್ಲಿಯೇ, 1981ರಲ್ಲಿ, ತಂಬಾಕು ಬೆಳೆಗಾರರು ಶರದ್ ಜೋಶಿ ಮೊದಲಾದವರ ಮುಂದಾಳ್ತನದಲ್ಲಿ ನ್ಯಾಯವಾದ ಬೆಲೆಗಾಗಿ ನಿಪ್ಪಾಣಿಯ ಬಳಿ ಪುಣೆ ಬೆಂಗಳೂರು ಹೆದ್ದಾರಿಯನ್ನು ತಡೆದು ಕುಳಿತರು. ಏಪ್ರಿಲಿನಲ್ಲಿ ನಡೆದ ಗೋಲೀಬಾರಿನಲ್ಲಿ ರೈತರು ಪ್ರಾಣತೆತ್ತರು. ಹೊಲದವನಿಗೂ ವಖಾರಿಯವಳಿಗೂ ಎದುರು ಪಕ್ಷ ಒಂದೇ, ತಂಬಾಕಿನ ವ್ಯಾಪಾರಿ. ಅವನು ರೈತನ ಮಾಲನ್ನು ಒಬ್ಬೊಬ್ಬನಿಂದ ಬೇರೆ ಬೇರೆ ಕೊಂಡುಕೊಂಡಂತೆಯೇ ಹೆಂಗಸರ ದುಡಿಮೆಯನ್ನೂ ಬೇರೆ ಬೇರೆ ಕೊಂಡುಕೊಳ್ಳಬಯಸಿದನು. ದರವನ್ನು ಒಬ್ಬನೇ ಹೇಳುವ ಅಧಿಕಾರಕ್ಕೆ ಎರಡು ಕಡೆಯಿಂದಲೂ ಒಮ್ಮೆಗೇ ಪ್ರಶ್ನೆ ಬಂದುದೇ ಆ ವರ್ಷಗಳ ವೈಶಿಷ್ಟ್ಯ.

ಸಕ್ಕರೆಯ ಉದ್ಯಮದ ಇತಿಹಾಸ ಬೇರೆಯ ದಾರಿಯನ್ನು ಹಿಡಿಯಿತು. ಉಗಾರದ ಸಕ್ಕರೆ ಕಂಪನಿ 1939ರಲ್ಲಿ ಸ್ಥಾಪನೆಯಾಯಿತು. ಮುಂದೆ ಚಿಕ್ಕೋಡಿ, ರಾಯಬಾಗ, ನಿಪ್ಪಾಣಿಗಳಲ್ಲಿ ಸಹಕಾರಿ ಕಾರ್ಖಾನೆಗಳು ಬಂದವು. ಸಕ್ಕರೆಗೆ 1957ರಲ್ಲಿ ಕೇಂದ್ರ ವೇತನ ಮಂಡಳಿ ನೇಮಕಗೊಂಡು, ದೇಶದ ಕಾರ್ಖಾನೆಗಳಿಗೆ ಶ್ರೇಣಿಗಳನ್ನು ಸೂಚಿಸಿತು. ಮಹಾರಾಷ್ಟ್ರದಲ್ಲಿ ಕಾರ್ಖಾನೆಗಳು, ಕಾಮಗಾರರ ಸಂಘಗಳು, ಸರಕಾರ ಇವುಗಳ ತ್ರಿಪಕ್ಷೀಯ ಸಮಿತಿಗಳಲ್ಲಿ ಇಡೀ ಉದ್ಯಮಕ್ಕೆ ಒಂದೇ ವೇತನದ ಒಪ್ಪಂದ ಮಾಡಿಕೊಳ್ಳುವ ರೂಢಿ ಬೆಳೆಯಿತು. ನೆರೆಯವನು ಏರಿಸದಿದ್ದರೆ ನಾನು ಸಾಯುವೆನೆಂಬ ಪೂರ್ವಪಕ್ಷದ ಮಾತಿಗೆ ಇಲ್ಲಿ ಎಡೆಯೇ ಇಲ್ಲ, ನೆರೆಯವನೂ ಏರಿಸಲೇಬೇಕು. ಕಬ್ಬಿನ ಕಾರ್ಖಾನೆಯನ್ನು ಬೀಡಿಯ ಶಾಖೆಯಂತೆ ಹೊತ್ತುಕೊಂಡು ಗಡಿ ದಾಟಲು ಬಾರದೆಂಬುದೂ ಇದಕ್ಕೆ ಸಹಾಯಕವಾಯಿತು. ಇದರಿಂದ ತಿಳಿಯುವುದೇನೆಂದರೆ, ಸ್ಪರ್ಧೆಯ ಭೀತಿಯಿಂದ ಹುಟ್ಟಿದ ಪ್ರತಿರೋಧವನ್ನು ಒಂದೊಂದೇ ಕಾರ್ಖಾನೆಯ ಬಾಗಿಲಲ್ಲಿ ಗೆಲ್ಲುವುದಕ್ಕಿಂತ ಉದ್ಯಮದ ವ್ಯಾಪ್ತಿಯಲ್ಲಿ ಗೆಲ್ಲುವುದು ಸುಲಭ; ಅಧಿಕಾರದ ಮೋಹದಿಂದ ಹುಟ್ಟಿದ ಪ್ರತಿರೋಧ ಮಾತ್ರ ಹೊರಗೆ ಸೋತರೂ ಒಳಗೆ ಉಳಿಯುತ್ತದೆ. ಹೇಗೆಂದರೆ, ವೇತನಶ್ರೇಣಿ ಅನ್ವಯವಾಗುವುದು ಪುಸ್ತಕದಲ್ಲಿ ಹೆಸರಿದ್ದವನಿಗೆ. ಕಾಯಂ ಕಾಮಗಾರನು ನಿವೃತ್ತನಾದಂತೆ ಆ ಸ್ಥಾನವನ್ನು ಗುತ್ತಿಗೆಯ ಆಳಿನಿಂದ ತುಂಬುತ್ತ ಹೋದರೆ ಒಪ್ಪಂದವನ್ನು ಮುರಿಯದೆಯೇ ಬರಿದುಮಾಡಬಹುದು.

2020ರ ಕೈಗಾರಿಕಾ ಸಂಬಂಧಗಳ ಸಂಹಿತೆ, 2025ರ ನವೆಂಬರಿನಲ್ಲಿ ಜಾರಿಗೆ ಬಂದು, 1926 ಮತ್ತು 1947ರ ಹಳೆಯ ಅಧಿನಿಯಮಗಳ ಸ್ಥಾನವನ್ನು ತೆಗೆದುಕೊಂಡಿದೆ. ಹಾಜರಿಪಟ್ಟಿಯಲ್ಲಿರುವ ಕಾಮಗಾರರಲ್ಲಿ ಶೇಕಡಾ 51 ಮಂದಿಯ ಬೆಂಬಲವುಳ್ಳ ಸಂಘ ಏಕೈಕ ಸಂಧಾನ ಸಂಘವಾಗುತ್ತದೆ. ಅಂಥದಿಲ್ಲವಾದರೆ ಶೇಕಡಾ 20ಕ್ಕೆ ಕಡಮೆಯಿಲ್ಲದ ಬೆಂಬಲವುಳ್ಳ ಸಂಘಗಳ ಪ್ರತಿನಿಧಿಗಳಿಂದ ಸಂಧಾನ ಮಂಡಳಿಯಾಗುತ್ತದೆ. ಅಂಬೇಡ್ಕರರು ಕೇಳಿದ ಮನ್ನಣೆಗೆ ದೇಶದ ಶಾಸನದಲ್ಲಿ ಹೀಗೆ ಒಂದು ಸ್ಥಾನ ದೊರೆತುದು ಸಣ್ಣ ಸಂಗತಿಯಲ್ಲ. ಮುಷ್ಕರದ ಮೇಲೆಯೂ ಕೆಲಸದ ಭದ್ರತೆಯ ಮೇಲೆಯೂ ಅದೇ ಸಂಹಿತೆ ಬಿಗಿಮಾಡಿರುವ, ಸಡಿಲಿಸಿರುವ ವಿಧಿಗಳ ವಿಚಾರ ಬೇರೆಯೇ ಒಂದು ಉಪನ್ಯಾಸಕ್ಕೆ ಸಾಕಾಗುವಷ್ಟಿದೆ. ನಾನು ತಮ್ಮ ಗಮನಕ್ಕೆ ತರಬಯಸುವುದು ಹಾಜರಿಪಟ್ಟಿ ಎಂಬ ಒಂದು ಮಾತನ್ನು. ಶೇಕಡಾವಾರು ಲೆಕ್ಕ ಆ ಪಟ್ಟಿಯಿಂದಲೇ ಆರಂಭವಾಗುವಾಗ, ಪಟ್ಟಿಯನ್ನು ಬರೆಯುವವನೇ ಮತದಾರರನ್ನೂ ಬರೆದಂತಾಗುತ್ತದೆ.

ಈ ಪಟ್ಟಿಯ ಹೊರಗೆ ಉಳಿದಿರುವವರಲ್ಲಿ ನಮ್ಮ ಸೀಮೆಗೆ ಎಲ್ಲರಿಗಿಂತ ಹತ್ತಿರದವರು ಕಬ್ಬು ಕಡಿಯುವ ಗ್ಯಾಂಗಿನವರು. ವಿಜಯಪುರದ ಕಡೆಯಿಂದಲೂ ಮರಾಠವಾಡದ ಕಡೆಯಿಂದಲೂ ಗಂಡಹೆಂಡಿರು ಜೋಡಿಯಾಗಿ, ಮಕ್ಕಳು ಮರಿಗಳೊಡನೆ, ಆಳುಗಳನ್ನು ಕೂಡಿಸಿ ತರುವ ಮುಕಾದಮನಿಂದ ಮುಂಗಡ ಪಡೆದು ಹಂಗಾಮಿಗೆ ಬರುತ್ತಾರೆ. ಗದ್ದೆಯ ಬದಿಯಲ್ಲಿ ಗುಡಿಸಲು ಹಾಕಿ, ನಸುಕಿನಲ್ಲಿ ಕೊಯ್ತ ಹಿಡಿದು, ಕಟ್ಟಿ, ಹೊತ್ತು, ಗಾಡಿಗೆ ಹೇರುತ್ತಾರೆ. ಕಾರ್ಖಾನೆ ಇವರು ನಮ್ಮ ಆಳುಗಳಲ್ಲವೆನ್ನುತ್ತದೆ, ಮುಕಾದಮನು ತಾನೂ ಒಬ್ಬ ಆಳೆನ್ನುತ್ತಾನೆ, ಕಬ್ಬಿನ ರೈತನು ತಾನು ಕಡಿಸುವವನಲ್ಲವೆನ್ನುತ್ತಾನೆ. ಅರುವತ್ತು ವರ್ಷಗಳ ಹಿಂದೆ ಬೀಡಿ ಕಟ್ಟುವವಳ ಬಗ್ಗೆ ನ್ಯಾಯಾಲಯದಲ್ಲಿ ಕೇಳಿಬಂದ ಉತ್ತರಗಳೇ ಇವು. ಹೊಳೆಯ ಆಚೆ ರಾಜ್ಯ ಸಹಕಾರಿ ಸಕ್ಕರೆ ಕಾರ್ಖಾನೆಗಳ ಸಂಘವು ಕಡಿಯುವವರ ಸಂಘಟನೆಗಳೊಡನೆ ಕೆಲಕೆಲವು ವರ್ಷಗಳಿಗೊಮ್ಮೆ ಕುಳಿತು ಟನ್ನಿಗೆ ಇಂತಿಷ್ಟೆಂದು ದರದ ಒಪ್ಪಂದವನ್ನು ಮಾಡಿಕೊಳ್ಳುತ್ತದೆ. ಅಲ್ಲಿಯೂ ಅವರ ಹೆಸರು ಕಾರ್ಖಾನೆಯ ಪಟ್ಟಿಗೆ ಏರಿಲ್ಲವಾದರೂ ದರವಾದರೂ ಕಾಗದಕ್ಕೆ ಇಳಿದಿದೆ. ಆ ಒಪ್ಪಂದ ಹೊಳೆಯ ಈಚೆಯ ಕಾರ್ಖಾನೆಯನ್ನು ಬಂಧಿಸುವುದಿಲ್ಲ. ಒಂದೇ ಗ್ಯಾಂಗು ಒಂದೇ ಹಂಗಾಮಿನಲ್ಲಿ ಎರಡು ದಡಗಳ ಕಬ್ಬನ್ನೂ ಕಡಿಯಬಹುದಾದ ಈ ಸೀಮೆಯಲ್ಲಿ, ಬೆಳಗಾವಿ ಜಿಲ್ಲೆಯ ಕಾರ್ಖಾನೆಗಳೂ ಕೊಲ್ಲಾಪುರ, ಸಾಂಗಲಿ ಜಿಲ್ಲೆಗಳ ಕಾರ್ಖಾನೆಗಳೂ ಕೂಡಿ ಕುಳಿತು, ಎರಡೂ ಸರಕಾರಗಳ ಕಾರ್ಮಿಕ ಅಧಿಕಾರಿಗಳ ಸಮಕ್ಷಮದಲ್ಲಿ, ಗ್ಯಾಂಗಿನವರ ಸಂಘಟನೆಗಳೊಡನೆ ಒಂದೇ ದರಪತ್ರಕ್ಕೆ ಸಹಿ ಹಾಕಬೇಕು. ಕಡಿಯುವ ಪ್ರತಿಯೊಬ್ಬಳ ಹೆಸರೂ ಜೋಡಿಗೊಂದು ಕೊಯ್ತವೆಂಬ ಲೆಕ್ಕದಲ್ಲಿ ಗಂಡನ ಹೆಸರಿನ ಅಡಿಯ ಅರ್ಧ ಕೊಯ್ತವಾಗಿ ಉಳಿಯದೆ ಪ್ರತ್ಯೇಕವಾಗಿ ಬರೆದಿರಬೇಕು. ಇದಕ್ಕೆ ಹೊಸ ಶಾಸನವನ್ನು ಕಾಯಬೇಕಾಗಿಲ್ಲ, ಮುಂದಿನ ಹಂಗಾಮು ಆರಂಭವಾಗುವ ಮುನ್ನ ಕಾರ್ಖಾನೆಗಳ ಆಡಳಿತ ಮಂಡಳಿಗಳು ಒಪ್ಪಿದರೆ ಸಾಕು.